ಪೊಲೀಸಪ್ಪನ ಮೂಗಿನ ಮೇಲೆ ನಾದಿನಿಯ ಖಣ

ಲಾಕ್‌ಡೌನ್ ಸ್ವಲ್ಪ ಸಡಿಲವಾದ ಸಮಯ. ನನ್ನ ನಾದಿನಿ ನೀಲಕ್ಕ ಮುನವಳ್ಳಿಯಿಂದ ಬೈಲಹೊಂಗಲದ ನಮ್ಮ ಮನೆಗೆ ಬರುವಾಗ, ಚೆಕ್‌ಪೋಸ್ಟಿನ ಪೊಲೀಸಪ್ಪನ ಮೂಗಿನ ಮೇಲೆ ತಾವು ನನಗೆ ಕೊಟ್ಟಿದ್ದ ಖಣ ನೋಡಿಬಿಟ್ಟರು!

ಅವರು ಸುಮ್ಮನೆ ಬಂದವರಲ್ಲ. ಅವರ ಮಗಳಿಗೂ ನನ್ನ ತಮ್ಮನಿಗೂ ಅವತ್ತು ನಮ್ಮ ಮನೆಯಲ್ಲೇ ನಿಶ್ಚಯ ಆಗಬೇಕಿತ್ತು. ತಮ್ಮ ಇಸ್ತ್ರಿ ಮುದುಡೀತೆಂದು ಬೆಳಿಗ್ಗೆಯಿಂದ ಕೂತೇ ಇರಲಿಲ್ಲ.

ನೀಲಕ್ಕನ ಸಿಟ್ಟು ಸಣ್ಣದಲ್ಲ. ಹಿಂದೆ ಬಂದ ಗಂಡಿನ ಕಡೆಯವರು ಬಸಿಯಲ್ಲಿ ಅರ್ಧ ಚಹಾ ಬಿಟ್ಟರೆಂದು ಆ ಸಂಬಂಧವನ್ನೇ ಬಿಟ್ಟವರು...

ಈಗ ಖಣದ ವಿಷಯ.

ನಮ್ಮ ಓಣಿಯಲ್ಲಿ ಹೊಲಿಗೆ ಮಷೀನ್ ಇದ್ದ ಹೆಂಗಸರೆಲ್ಲ ಸೇರಿ ಆಶಾ ಕಾರ್ಯಕರ್ತೆಯರಿಗೆ, ಪೌರಕಾರ್ಮಿಕರಿಗೆ, ಪೊಲೀಸರಿಗೆ ಮಾಸ್ಕ್ ಹೊಲಿದು ಹಂಚುತ್ತಿದ್ದೆವು. ಇಲಾಸ್ಟಿಕ್ ಸಿಗಲಿಲ್ಲ. ನಮ್ಮ ಅತ್ತೆಯೇ ಮನೆಯಲ್ಲಿದ್ದ ಲಂಗಗಳ ಲಾಡಿಯೆಲ್ಲ ಎಳೆದು ಕೊಟ್ಟರು. ಲಂಗಗಳು ಪಿನ್ನಿನ ಮೇಲೆ ನಿಂತವು.

ಆಮೇಲೆ ಬಟ್ಟೆಯೂ ಮುಗಿಯಿತು. ಅಂಗಡಿಗಳು ಬಂದ್. ನಾನು ಟ್ರಂಕು ತೆಗೆದೆ.

ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವುದಿಲ್ಲ. ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸಕ್ಕೊಂದು ಖಣ. ಅಕ್ಕಿ ಅನ್ನವಾಗುತ್ತದೆ, ಕಾಯಿ ಚಟ್ನಿಯಾಗುತ್ತದೆ, ಖಣ ಮಾತ್ರ ಟ್ರಂಕು ಸೇರಿ ಮುಂದೆ ಬಂದವರ ಉಡಿಗೆ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಟ್ರಂಕಿನ ತಳದಲ್ಲಿತ್ತು ಅದು. ಗಿಳಿಹಸಿರು ಬಟ್ಟೆ, ಮೈತುಂಬ ನೇರಳೆ ಆನೆಗಳು. ನನ್ನ ಕುಬಸದ, ಅಂದರೆ ಸೀಮಂತದ ದಿನ ನೀಲಕ್ಕ ಉಡಿ ತುಂಬಿ, ನಿನಗಾಗಿಯೇ ಹುಬ್ಬಳ್ಳಿಯೆಲ್ಲ ಹುಡುಕಿ ತಂದೆ ಎಂದಿದ್ದರು. ಅದನ್ನು ತೊಡುವ ಧೈರ್ಯ ನನಗೆ ಬಂದಿರಲಿಲ್ಲ, ಬೇರೆಯವರಿಗೆ ಕೊಡುವ ಧೈರ್ಯ ಮೊದಲೇ ಇರಲಿಲ್ಲ.

ಕತ್ತರಿ ಹಾಕಿದೆ. ಯಾರ ಮುಖಕ್ಕೆ ಹೋಗುತ್ತದೋ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ.

ಗೊತ್ತಾಯಿತು...

ನೀಲಕ್ಕ ಕಾಲಿಗೆ ನೀರು ಕೂಡ ಹಾಕಿಕೊಳ್ಳಲಿಲ್ಲ. "ಸವಿತಾ, ನನ್ನ ಆನಿ ಖಣ ಎಲ್ಲೈತಿ?"

ನಾನು ಹೊಲಿಗೆ ಮಷೀನಿನ ಕಡೆ ಕೈ ತೋರಿಸಿದೆ. "ಮಾಸ್ಕ್ ಹೊಲಿದೇನ್ರಿ ಅಕ್ಕಾರ... ಅರಿವಿ ಸಿಗಲಿಲ್ರಿ..."

"ಪೊಲೀಸನ ಮೂಗಿನ ಮ್ಯಾಲ ಸೊಂಡಿ ಎತ್ತಿ ನಿಂತೈತಿ! ಕೊಟ್ಟದ್ದನ್ನ ಜ್ವಾಕಿ ಮಾಡಾಕ ಬರದವರ ಮಂದ್ಯಾಗ ನನ್ನ ಮಗಳನ್ನ ಹೆಂಗ ಕೊಡ್ಲಿ?"

ಹಿಂದೆ ನಿಂತಿದ್ದ ಹುಡುಗಿ ತಾಯಿಯ ಸೆರಗು ಜಗ್ಗಿದಳು. ತಮ್ಮ ದೊಪ್ಪೆಂದು ಕುರ್ಚಿಯಲ್ಲಿ ಕೂತ. ಇಸ್ತ್ರಿಯ ಚಿಂತೆ ಅಲ್ಲಿಗೆ ಮುಗಿಯಿತು. ನಾನು ಅಳುವುದೊಂದೇ ಬಾಕಿ.

ಒಳಗೆ ಮಾಸ್ಕಿಗೆ ಲಾಡಿ ಹಾಕುತ್ತ ಕೂತಿದ್ದ ಅತ್ತೆ ಚಾಳೀಸು ಮೂಗಿನ ತುದಿಗಿಟ್ಟುಕೊಂಡು ಹೊರಗೆ ಬಂದರು.

"ಯಾವ ಆನಿ? ಹಸರಂದ? ನೀಲಾ, ಅದನ್ನ ನಿಮ್ಮ ಹೊಸಾ ಮನಿ ಶಾಂತಿಗೆ ನಾನ ನಿನ್ನ ಉಡ್ಯಾಗ ಹಾಕಿದ್ನಲ್ಲ!"



ನೀಲಕ್ಕನ ದನಿ ಪೂರ್ತಿ ಇಳಿಯಿತು. "ಅವ್ವಾ... ಅದು ನೀ ಕೊಟ್ಟಿದ್ದ?"

"ನಾ ಎಲ್ಲಿ ತರಲಿ? ನನಗೂ ಯಾರೋ ಉಡಿ ತುಂಬಿದ್ರು. ಆ ಬಣ್ಣಾ ನೋಡಿ ಹೆದರಿ ನಿನಗ ದಾಟಿಸಿದೆ."

ಹೆತ್ತ ಮಗಳಿಗೇ ದಾಟಿಸಿದ ತಾಯಿ! ಹುಬ್ಬಳ್ಳಿಯೆಲ್ಲ ಹುಡುಕಿದ್ದು ಅಲ್ಲಿಗೆ ಬಯಲಾಯಿತು.

ನೀಲಕ್ಕನ ಬಾಯಿ ಮಾಸ್ಕಿನೊಳಗಿತ್ತು, ಕಾಣಲಿಲ್ಲ. ಭುಜ ಮಾತ್ರ ಅಲುಗತೊಡಗಿತು. ಅಳುತ್ತಿದ್ದಾರೆಂದೇ ತಿಳಿದೆ. ಆಮೇಲೆ ಅವರ ನಗು ಓಣಿಗೆಲ್ಲ ಕೇಳಿತು. ನನಗೆ ಹೋದ ಜೀವ ಬಂದಂತಾಯಿತು.

ನಿಶ್ಚಯ ಚೆನ್ನಾಗಿಯೇ ಆಯಿತು. ಹೊರಡುವಾಗ ನೀಲಕ್ಕನಿಗೂ ಮಗಳಿಗೂ ನಾನು ಉಡಿ ತುಂಬಬೇಕು, ಟ್ರಂಕಿನಲ್ಲಿ ಒಂದು ಖಣವೂ ಉಳಿದಿಲ್ಲ. ಅಕ್ಕಿ, ಕಾಯಿಯ ಜೊತೆ ಮಾಸ್ಕನ್ನೇ ಇಟ್ಟೆ.

ನೀಲಕ್ಕ ಮೆಲ್ಲಗೆ ಕಿವಿಯ ಹತ್ತಿರ ಬಂದರು. "ಆನೀದು ಒಂದರ ಉಳದೈತೇನ?"

ಒಂದಿತ್ತು. ಅಲ್ಲೇ ಕಟ್ಟಿಕೊಂಡು, ಚೆಕ್‌ಪೋಸ್ಟಿನ ಪೊಲೀಸಪ್ಪ ನೋಡಲಿ ಎನ್ನುತ್ತ ಗಾಡಿ ಹತ್ತಿದರು. ಎಷ್ಟೋ ಜನರ ಉಡಿ ಕಂಡು ಯಾರ ಮೈಮೇಲೂ ಏರದ ಖಣವನ್ನು, ಕೊನೆಗೂ ನಮ್ಮ ನಾದಿನಿ ಮುಖದ ತುಂಬ ತೊಟ್ಟುಕೊಂಡು ಹೋದರು.

ನಿಮ್ಮ ಟ್ರಂಕಿನ ತಳದಲ್ಲಿ ಯಾರು ಕೊಟ್ಟ ಆನೆ ಮಲಗಿದೆ, ನೋಡಿದ್ದೀರಾ?