ನನ್ನ ತಂಗಿ ಕಟ್ಟಿದ ಕಡಲಹುಲ್ಲು

ನನ್ನ ತಂಗಿಯನ್ನು ಊರೆಲ್ಲ ಗಂಟಮ್ಮ ಅಂತಲೇ ಕರೆಯುತ್ತಿತ್ತು. ಅಪ್ಪ ಇಟ್ಟ ಹೆಸರು ಅವಳ ಗಂಡನಿಗಾದರೂ ನೆನಪಿತ್ತೋ ಇಲ್ಲವೋ, ನನಗೆ ಅನುಮಾನ. ಹರಿದ ಬಲೆ ಸರಿಮಾಡುವವರು ನಮ್ಮ ಕೇರಿಯಲ್ಲಿ ಬೇಕಾದಷ್ಟು ಜನ ಇದ್ದರು, ನಾನೂ ಇದ್ದೆ. ಆದರೆ ಅವಳು ಹಾಕಿದ ಗಂಟು ಕೈಯಲ್ಲಿ ಬಿಚ್ಚಿದವರನ್ನು ನಾನು ಕಾಣೆ. ಬಟ್ಟೆ ಒಣಹಾಕುವ ಹಗ್ಗಕ್ಕೂ ಅದೇ ಗಂಟು, ಸಕ್ಕರೆ ಪೊಟ್ಟಣಕ್ಕೂ ಅದೇ ಗಂಟು. ಅವಳ ಗಂಡ ದೋಣಿಯವನು. ಒಮ್ಮೆ ಅವಳು ಕಟ್ಟಿಕೊಟ್ಟ ಬುತ್ತಿ ಬಿಚ್ಚಲಾಗದೆ ಕಡಲಿನಿಂದ ಹಸಿದುಕೊಂಡೇ ವಾಪಸ್ ಬಂದ.

"ಅತ್ತಿಗೆ, ನಿಮ್ಮ ತಂಗಿ ಊಟ ಕಟ್ಟಿಕೊಟ್ಲೋ, ಊಟಕ್ಕೆ ಬೀಗ ಹಾಕಿಕೊಟ್ಲೋ ಕೇಳಿ" ಅಂದ.

"ನಿನಗೆ ಹಲ್ಲಿರಲಿಲ್ವಾ?" ಅಂತ ಇವಳು ಒಳಗಿಂದಲೇ.

ಅಂಥ ಜೋಡಿ. ಜಗಳ ಆಡದ ದಿನ ಇಬ್ಬರಿಗೂ ಮೈ ಸರಿಯಿಲ್ಲ ಅಂತ ತಿಳಿದುಕೊಳ್ಳಬೇಕಿತ್ತು.

ಏನೋ ಹೇಳಹೊರಟು ಎಲ್ಲೋ ಹೋದೆ. ಕೊಲ್ಲಿಯ ವಿಷಯ. ನಮ್ಮ ಕೊಲ್ಲಿಯ ತಳದಲ್ಲಿ ಮೊದಲು ಹುಲ್ಲಿತ್ತು. ಪಾಚಿ ಅಂದುಕೊಳ್ಳಬೇಡ, ನಿಜವಾದ ಹುಲ್ಲೇ, ರಿಬ್ಬನ್ನಿನ ಹಾಗೆ ಉದ್ದುದ್ದ. ನೀರು ಇಳಿದಾಗ ಅದರ ಮೇಲೆ ನಡೆದರೆ ಪಾದಕ್ಕೆ ಕಚಗುಳಿ. ಮರಿಮೀನುಗಳೆಲ್ಲ ಅದರೊಳಗೇ ಅಡಗಿ ಬೆಳೆಯುತ್ತಿದ್ದವು. ದೊಡ್ಡ ದೋಣಿಗಳು ತಳ ಕೆರೆದವು, ಮೇಲಿನ ಊರುಗಳಿಂದ ಕೊಳಕು ಹರಿದು ಬಂತು, ಹುಲ್ಲು ಹೋಯಿತು. ಹಿಂದೆಯೇ ಮೀನೂ ಹೋಯಿತು. ದೋಣಿಗಳನ್ನು ಮರಳಿನ ಮೇಲೆ ಮಗುಚಿ ಹಾಕಿದರು. ತಂಗಿಯ ಗಂಡ ಗೋದಾಮಿನ ಗೇಟಿನಲ್ಲಿ ಕಾವಲಿಗೆ ಕೂತ. ನೀರಿಗಿಳಿಯದ ಬಲೆ ಹರಿಯುವುದೆಲ್ಲಿ? ತಂಗಿ ಬಾಗಿಲಲ್ಲಿ ಕೂತು ಸೀರೆ ಸೆರಗಿಗೆ ಗಂಟು ಹಾಕುತ್ತ, ಅದನ್ನೇ ಕಚ್ಚಿ ಬಿಚ್ಚುತ್ತ ಹೊತ್ತು ಕಳೆಯುತ್ತಿದ್ದಳು.

ಆಗ ಬಂದರು ನೋಡು ಕಡಲು ಓದಿದವರು. ಮೂರು ದೇಶ ಸೇರಿ ನಮ್ಮ ಕೊಲ್ಲಿಗೆ ಮತ್ತೆ ಹುಲ್ಲು ಹಾಕುತ್ತಾರಂತೆ. ಒಂದು ದೇಶ ದುಡ್ಡು ಕೊಟ್ಟಿತು, ಒಂದು ದೇಶ ಹುಲ್ಲು ಕೊಟ್ಟಿತು, ನಾವು ಕೆಸರು ಕೊಟ್ಟೆವು. ಹುಲ್ಲಿನ ದೇಶದಿಂದ ಒಬ್ಬಳು ಹೆಂಗಸು ಬಂದಳು. ಬಾಗಿಲಿಗೆಲ್ಲ ತಲೆ ಬಗ್ಗಿಸಿಯೇ ಬರಬೇಕು, ಅಷ್ಟು ಎತ್ತರ. ನಾವು ಉದ್ದ ಮೇಡಂ ಅಂದೆವು. ಅವಳ ಮಾತು ನಮಗೆ ಹೇಳಲು ನಮ್ಮ ಕಡೆಯ ಡಾಕ್ಟರು ಒಬ್ಬರಿದ್ದರು. ಡಾಕ್ಟರು ಅಂದರೆ ಮೀನು, ಹುಲ್ಲು ಓದಿದ ಡಾಕ್ಟರು. ಪಾಪ, ಮೊದಲ ವಾರ ಅರ್ಧ ಕೇರಿ ಅವರ ಮುಂದೆ ಮಂಡಿನೋವು ತೋರಿಸಿಕೊಂಡು ನಿಂತಿತ್ತು.

ಹಳೇ ಐಸ್ ಕಾರ್ಖಾನೆಯ ಶೆಡ್ಡಿನಲ್ಲಿ ನಮಗೆ ಕೆಲಸ. ಉದ್ದನೆ ಮೇಜು, ಮೇಲೆ ಒದ್ದೆ ಗೋಣಿ. ಡಬ್ಬದೊಳಗಿಂದ ಹುಲ್ಲಿನ ಸಸಿ ತೆಗೆದು, ತೆಂಗಿನ ನಾರಿನ ಚೌಕದ ಚಾಪೆಗೆ ಕಟ್ಟಬೇಕು. ಮುಳುಗುವವರು ಆ ಚಾಪೆಯನ್ನು ತಳಕ್ಕೆ ಒಯ್ದು ಕಂಬಿಯಲ್ಲಿ ಚುಚ್ಚಿ ನಿಲ್ಲಿಸುತ್ತಿದ್ದರು. ಬಲೆಯ ಕೈ ಇರುವವರು ಬೇಕು ಅಂತಲೇ ನಮ್ಮನ್ನು ಕರೆದದ್ದು. ಆದರೆ ಒಂದು ಕಟ್ಟುನಿಟ್ಟು: ಸೆಣಬಿನ ದಾರದಲ್ಲೇ ಕಟ್ಟಬೇಕು, ಸಡಿಲವಾಗಿ ಕಟ್ಟಬೇಕು.

"ಸೆಣಬು ಕೊಳೆಯುತ್ತಲ್ಲ ಡಾಕ್ಟ್ರೇ?" ಅಂದಳು ತಂಗಿ.

"ಕೊಳೀಬೇಕಮ್ಮ. ಅಷ್ಟರಲ್ಲಿ ಬೇರು ಕೆಸರು ಹಿಡ್ಕೊಂಡಿರುತ್ತೆ."

"ಹಿಡ್ಕೊಳ್ದಿದ್ರೆ?"

"ಹಿಡ್ಕೊಳ್ಳುತ್ತೆ ಬಿಡಿ."

ತಂಗಿ ನನ್ನ ಕಿವಿಯಲ್ಲಿ, "ತಾನಾಗೇ ಬಿಚ್ಚೋಗೋ ಗಂಟು ಹಾಕು ಅಂತಾರಲ್ಲ ಅಕ್ಕ, ನಾಚಿಕೆ ಆಗಲ್ವಾ ಇವ್ರಿಗೆ?" ಅಂದಳು.

ಉಳಿದವರಿಗೆ ಅದು ಕೂಲಿ. ಅವಳಿಗೆ ಜೀವ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಮಾತು: "ಹುಲ್ಲು ಬಂದ್ರೆ ಮೀನು ಬರುತ್ತೆ. ಮೀನು ಬಂದ್ರೆ ಇವನು ಆ ಗೇಟು ಬಿಟ್ಟು ದೋಣಿ ಹತ್ತುತಾನೆ. ಬಲೆ ಇಳಿದ್ರೆ ಹರಿಯುತ್ತೆ, ಹರಿದ್ರೆ ನಾನಿದೀನಿ." ಆ ಹುಲ್ಲು ಬದುಕಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಅದಕ್ಕೇ ಹಾಗೆ ಮಾಡಿದಳು. ಗಂಡನ ಹಳೇ ಬಲೆಯ ಹಸಿರು ನೈಲಾನ್ ದಾರ ಸೊಂಟದಲ್ಲಿ ಸಿಕ್ಕಿಸಿಕೊಂಡು ಬಂದು, ಚಾಪೆಯ ಅಡಿಯಲ್ಲಿ ಸಸಿಯ ಬುಡಕ್ಕೆ ತನ್ನ ಗಂಟು ಬಿಗಿದಳು. ಮೇಲೆ ಕಾಣಲಿ ಅಂತ ಸೆಣಬು ಸುತ್ತಿದಳು. ಪಕ್ಕದಲ್ಲೇ ಕೂತಿದ್ದರೂ ನನಗೆ ಗೊತ್ತಾಗಲಿಲ್ಲ. ನನ್ನ ಕಣ್ಣು ಆಗಲೇ ಮಂಜು, ನನ್ನ ಸಸಿ ಕಾಣಿಸಿದರೆ ಸಾಕಾಗಿತ್ತು.

ನೆಟ್ಟಾದ ಮೇಲೆ ದೊಡ್ಡ ಗಾಳಿ ಎದ್ದಿತು. ನಮ್ಮೆಲ್ಲರ ಚಾಪೆಯಿಂದ ಎಷ್ಟೋ ಸಸಿ ಕಿತ್ತುಹೋದವು. ಅವಳದು ಒಂದೂ ಅಲುಗಲಿಲ್ಲ. ಉದ್ದ ಮೇಡಂ ಅವಳ ಕೈ ಹಿಡಿದು ಫೋಟೋ ತೆಗೆಸಿಕೊಂಡಳು. ನಮ್ಮವಳು ಆ ವಾರವೆಲ್ಲ ನೆಲದ ಮೇಲೆ ನಡೆಯಲೇ ಇಲ್ಲ. "ನೀವೂ ಕಟ್ಟಿದ್ರಿ, ಸೌತೆಕಾಯಿ ಬಳ್ಳಿ ಕಟ್ಟಿದ ಹಾಗೆ" ಅಂತ ನಮಗೆಲ್ಲ ಚುಚ್ಚು ಬೇರೆ.

ಆಮೇಲೆ ಅವಳ ಸಸಿಗಳು ಕಂದು ತಿರುಗಿದವು. ಮುಳುಗುವವರು ಅವಳದೊಂದು ಚಾಪೆ ಮೇಲೆ ತಂದು ಮೇಜಿನ ಮೇಲೆ ಮಗುಚಿದರು. ಉದ್ದ ಮೇಡಂ ಚಿಮಟದಿಂದ ಕೆಸರು ಬಿಡಿಸುತ್ತ ಹೋದಳು, ಒಳಗಿಂದ ಹಸಿರು ದಾರ ಎದ್ದು ಬಂತು. ಆ ಹುಲ್ಲಿನ ಬೇರು ಅಡ್ಡಡ್ಡ ಹರಿಯುವಂಥದು, ಹರಿಯುತ್ತ ದಪ್ಪವಾಗುವಂಥದು. ದಾರ ಕುತ್ತಿಗೆಗೆ ಸಿಕ್ಕಿಕೊಂಡ ಹಾಗೆ ಒಳಕ್ಕೆ ಕೊಯ್ದುಬಿಟ್ಟಿತ್ತು.

"ನಾನೇ" ಅಂದಳು ತಂಗಿ. "ಗಟ್ಟಿಯಾಗಿರ್ಲಿ ಅಂತ ಹಾಕಿದೆ."

ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತೇನೋ. ಚಾಪೆಯನ್ನು ಹಾಗೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಳು.

ಆ ರಾತ್ರಿ ನನ್ನ ತಂಗಿ ಒಂದು ತುತ್ತೂ ಮುಟ್ಟಲಿಲ್ಲ. ಅವಳ ಗಂಡ, ಅಷ್ಟು ಬಾಯಿ ಇರುವವನು, ತಟ್ಟೆ ಮುಂದೆ ತಳ್ಳಿ "ಉಣ್ಣೇ, ಹುಲ್ಲಿಗೇನು, ಎಮ್ಮೆ ತಿಂದ್ರೂ ಮತ್ತೆ ಬರುತ್ತೆ" ಅಂತ ತಮಾಷೆ ಮಾಡಲು ನೋಡಿ ಸೋತ. ಆದರೆ ಬೆಳಗ್ಗೆ ನೋಡಿದರೆ ಇವಳ ಮುಖವೇ ಬೇರೆ! ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದಳು.

"ಅಕ್ಕ, ಯೋಚನೆ ಮಾಡಿದೆ. ಹಾಳಾಗಿದ್ದು ನನ್ನಿಂದ ತಾನೇ? ಹಾಗಾದ್ರೆ ನಾನು ಸರಿಯಾಗಿ ಕಟ್ಟಿದ್ರೆ ಬರುತ್ತೆ ತಾನೇ?"

"ಬರುತ್ತೆ ಕಣೇ" ಅಂದೆ. ಇನ್ನೇನು ಅನ್ನಲಿ.

ಮುಂದಿನ ನೆಡುವ ಕಾಲಕ್ಕೆ ಅಂತ ಸಡಿಲ ಗಂಟು ಕಲಿಯಲು ಕೂತಳು. ನೀನು ನಗಬೇಡ, ಅದು ಸುಲಭವಲ್ಲ. ಹುಟ್ಟಿದಾಗಿನಿಂದ ಬಿಗಿದ ಬೆರಳು ಕೊನೆಗೆ ತಾನಾಗಿಯೇ ಎಳೆದುಬಿಡುತ್ತಿತ್ತು. ಬೈದುಕೊಳ್ಳುತ್ತ ಬಿಚ್ಚುತ್ತಿದ್ದಳು, ಮತ್ತೆ ಕಟ್ಟುತ್ತಿದ್ದಳು. ನನ್ನ ಹತ್ತಿರ ಪಾಠ! ಜೀವಮಾನದಲ್ಲಿ ಮೊದಲ ಸಲ, ಗಂಟು ಹೇಗೆ ಹಾಕುವುದು ಅಂತ ನನ್ನನ್ನು ಕೇಳಿದಳು. ಸಸಿ ಬದಲು ಈರುಳ್ಳಿ ದಂಟು ಕಟ್ಟಿ ಕಟ್ಟಿ, ಕೊನೆಗೆ ಎಂಥ ಗಂಟು ಹಾಕಿದಳು ಅಂದರೆ, ಉಫ್ ಅಂದರೆ ಬಿಚ್ಚಿಹೋಗಬೇಕು. ಅವಳ ಗಂಡ ಊದಿಯೇ ತೋರಿಸಿದ.

ನೆಡುವ ಕಾಲ ಬಂತು, ಕರೆ ಬರಲಿಲ್ಲ. ಇವಳು ಸೆಣಬಿನ ಉಂಡೆ ಹಿಡಿದು ನನ್ನನ್ನೂ ಎಳೆದುಕೊಂಡು ಶೆಡ್ಡಿಗೆ ಹೋದಳು. ಮೇಜುಗಳನ್ನು ಗೋಡೆಗೆ ಒರಗಿಸಿದ್ದರು. ಉದ್ದ ಮೇಡಂ ಮಂಡಿಯೂರಿ ಖಾಲಿ ಡಬ್ಬ ಒಂದರೊಳಗೊಂದು ಸೇರಿಸುತ್ತಿದ್ದಳು.

"ಡಾಕ್ಟ್ರೇ, ಹುಲ್ಲು ಯಾವಾಗ ಬರುತ್ತೆ?"

ಡಾಕ್ಟರು ಮೂಗು ಒರೆಸಿಕೊಂಡರು. "ಬರಲ್ಲಮ್ಮ. ಹುಲ್ಲಿನ ದೇಶದವ್ರು ಕೊಡಲ್ಲ ಅಂದ್ರು, ದುಡ್ಡಿನ ದೇಶದವ್ರು ದುಡ್ಡು ನಿಲ್ಲಿಸಿದ್ರು. ಇಲ್ಲಿ ಹಾಕಿ ಪ್ರಯೋಜನ ಇಲ್ಲ ಅಂತ ಎಲ್ರೂ ಸೇರಿ ಬರ್ದಿದಾರೆ."

"ನಾನು ಕಟ್ಟಿದ್ದು ನೋಡಿ ಹಾಗಂದ್ರಾ? ಹೇಳಿ ಅವ್ರಿಗೆ, ಈಗ ಕಲ್ತಿದೀನಿ. ಇಲ್ನೋಡಿ." ನಿಂತಲ್ಲೇ ಒಂದು ಗಂಟು ಹಾಕಿ, ಎಳೆದು ಬಿಚ್ಚಿ ತೋರಿಸಿದಳು.

"ಅದಲ್ಲಮ್ಮ. ಎಲ್ಲರದೂ ಹೋಯ್ತು. ಸೆಣಬಲ್ಲಿ ಕಟ್ಟಿದ್ದೂ ಹೋಯ್ತು. ನಿಮ್ಮ ಅಕ್ಕಂದೂ ಹೋಯ್ತು. ನೀರು ಬಿಸಿಯಾಗಿದೆ, ರಾಡಿಯಾಗಿದೆ, ಬಿಸಿಲು ತಳ ಮುಟ್ತಿಲ್ಲ. ಯಾರು ಹೇಗೆ ಕಟ್ಟಿದ್ರೂ ಅಷ್ಟೇ."

ನನ್ನದೂ ಸತ್ತಿದೆ ಅಂತ ನನಗೂ ಆಗಲೇ ಗೊತ್ತಾದದ್ದು. ನಮಗ್ಯಾರು ಹೇಳುತ್ತಾರೆ.

ತಂಗಿ ಡಾಕ್ಟರನ್ನು ಬಿಟ್ಟು ಮೇಡಂ ಹತ್ತಿರ ಹೋಗಿ ಅವಳ ಮುಂದೆ ಕೂತಳು. "ಮೇಡಂ, ನನ್ ತಪ್ಪು. ನೈಲಾನ್ ಹಾಕಿದ್ದು ನಾನು. ನನ್ನಿಂದ ಸತ್ತಿದ್ದು ಅದು."

ಅಷ್ಟು ದಿನದಲ್ಲಿ ಮೇಡಂ ನಮ್ಮ ಮಾತು ಒಂದೆರಡು ಕಲಿತಿದ್ದಳು. ತಂಗಿಯ ಕೆನ್ನೆ ಮುಟ್ಟಿ, ಒಂದೊಂದೇ ಅಕ್ಷರ ಬಿಡಿಸಿ, "ನಿಮ್ಮ ತಪ್ಪು ಅಲ್ಲ" ಅಂದಳು.

"ನನ್ದೇ ಅನ್ನಿ ಮೇಡಂ. ನನ್ದೇ ತಪ್ಪು ಅನ್ನಿ" ಅಂತ ಇವಳು ಅವಳ ಕೈ ಹಿಡಿದು ಅಲ್ಲಾಡಿಸಿದಳು. "ನನ್ದಾದ್ರೆ ನಾನು ಸರಿ ಮಾಡ್ತೀನಿ."

ಮೇಡಂಗೆ ಅಷ್ಟು ಮಾತು ಅರ್ಥವಾಗುವುದೆಲ್ಲಿ? ಸಮಾಧಾನ ಸಾಲಲಿಲ್ಲ ಅಂದುಕೊಂಡು ತಬ್ಬಿಕೊಂಡು, "ಅಲ್ಲ, ಅಲ್ಲ, ನಿಮ್ಮ ತಪ್ಪು ಅಲ್ಲ" ಅಂತ ಬೆನ್ನು ಸವರಿದಳು. ಒಳ್ಳೆಯ ಹೆಂಗಸು. ಅವಳ ಕಣ್ಣಲ್ಲೂ ನೀರಿತ್ತು. ಅರ್ಥವಾದದ್ದು ಡಾಕ್ಟರಿಗೆ. ಅವರು ಆಚೆ ಹೋಗಿ ನಲ್ಲಿ ಹತ್ತಿರ ಸುಮ್ಮನೆ ಕೈ ತೊಳೆಯುತ್ತ ನಿಂತರು.

ಈಗ ತಂಗಿ ಪಾರಿವಾಳ ನುಗ್ಗದ ಹಾಗೆ ಬಲೆ ಕಟ್ಟುತ್ತಾಳೆ. ಕಡಲ ದಂಡೆಗೆ ಎತ್ತೆತ್ತರದ ಮನೆಗಳೆದ್ದಿವೆಯಲ್ಲ, ಅವುಗಳ ಬಾಲ್ಕನಿಗೆ. ಒಬ್ಬಳಿಗೇ ಆಗುವುದಿಲ್ಲ, ಒಂದೊಂದು ದಿನ ನಾನೂ ಹೋಗುತ್ತೇನೆ. ಮೊನ್ನೆ ಒಂದು ಮನೆಯವಳು ಕಾಫಿ ಲೋಟ ಹಿಡಿದು ಬಂದು ನಿಂತಳು. "ಎಂಥಾ ಸಮುದ್ರ ಅಲ್ವಾ? ಇದನ್ನ ನೋಡೋಕೆ ಅಂತಾನೇ ಈ ಮನೆ ತಗೊಂಡ್ವಿ" ಅಂದಳು. ಕೊಲ್ಲಿ ಪೂರ್ತಿ ಕಾಣುತ್ತಿತ್ತು, ನೀಲಿಯಾಗಿ, ಒಂದು ದೋಣಿಯೂ ಇಲ್ಲದೆ.

ತಂಗಿ ಅದಕ್ಕೆ ಬೆನ್ನು ಹಾಕಿ ಸ್ಟೂಲಿನ ಮೇಲೆ ನಿಂತಿದ್ದಳು, ಬಾಯಲ್ಲಿ ಕೊಕ್ಕೆ ಕಚ್ಚಿಕೊಂಡು. ಮನೆಯವಳು ಒಳಗೆ ಹೋದ ಮೇಲೆ ನಾನು, "ಒಂದ್ಸಲ ತಿರುಗಿ ನೋಡೇ" ಅಂದೆ.

ಕೊಕ್ಕೆ ಕೈಗೆ ತೆಗೆದುಕೊಂಡಳು. "ಏನಿದೆ ಅಲ್ಲಿ ನೋಡೋಕೆ? ನೀನು ಸ್ಟೂಲ್ ಸರಿಯಾಗಿ ಹಿಡ್ಕೋ" ಅಂದಳು.