ಸ್ತಾವ್ರಿಯಾನಿಯ ಗಂಟಲು

ಮಾನಿ ಸೀಮೆಯ ಆ ಕಲ್ಲೂರಿನಲ್ಲಿ ಸ್ತಾವ್ರಿಯಾನಿಯ ಬಾಗಿಲು ತಟ್ಟುತ್ತಿದ್ದದ್ದು ಯಾರಾದರೂ ಸತ್ತಾಗ ಮಾತ್ರ. ಹೆಣದ ಸುತ್ತ ಕುಳಿತ ಹೆಂಗಸರಿಗೆಲ್ಲ ಮುಂದಾಳಾಗಿ, ಪದ ಕಟ್ಟಿ ಸಾವಿನ ಹಾಡು ಹೇಳುವವಳು ಅವಳೇ. ಮದುವೆಯಿಲ್ಲ, ಮಕ್ಕಳಿಲ್ಲ, ಒಡಹುಟ್ಟಿದವರೆಲ್ಲ ಮಣ್ಣು ಸೇರಿದ್ದರು. ಮಿಕ್ಕ ದಿನ ಅವಳು ಇದ್ದಾಳೋ ಸತ್ತಳೋ ಎಂದು ಕೇಳುವ ನರಪಿಳ್ಳೆಯೂ ಇರಲಿಲ್ಲ. ಸಾವಿನ ಮನೆಯಲ್ಲಿ ಮಾತ್ರ, "ಬಾರಕ್ಕ, ಇಲ್ಲಿ ಕೂತ್ಕೋ" ಎಂದು ಹೆಣದ ತಲೆಯ ಬಳಿ ಜಾಗ ಬಿಡುತ್ತಿದ್ದರು. ಆ ಜಾಗಕ್ಕಾಗಿಯೇ ಅವಳು ಬದುಕಿದ್ದಳು ಎಂದರೂ ತಪ್ಪಿಲ್ಲ.

ಆ ಚಳಿಗಾಲ ಗಂಟಲು ಕೈಕೊಟ್ಟಿತು. ಒಣಕೆಮ್ಮು, ಉಗುಳು ನುಂಗಿದರೂ ಉರಿ. ಹಿಂದಿನ ವಸಂತದಲ್ಲಿ ಗಂಟಲಿನ ಮದ್ದಿಗೆಂದು ದಾರಿಬದಿಯಿಂದ ಕಿತ್ತು ಒಣಗಿಸಿದ್ದ ಮೊಲೋಖಾ ಹೂವನ್ನು ಕುದಿಸಿ, ಲೋಳೆ ಬಿಟ್ಟ ಆ ನೀರಿಗೆ ಜೇನು ಬೆರೆಸಿ ಗುಟ್ಟಾಗಿ ಕುಡಿದಳು. ದನಿ ಹೋಯಿತೆಂದು ಊರಿಗೆ ಗೊತ್ತಾದರೆ ಆಮೇಲೆ ಕರೆಯುವವರು ಯಾರು? ಪಕ್ಕದ ಮನೆಯ ಕನೇಲಳ ಮೂಗಿಗೆ ಮಾತ್ರ ಗುಟ್ಟೆಂಬುದಿಲ್ಲ.

"ಏನೇ, ಮೊಲೋಖಾ ಕುದೀತಿದೆ?"

"ಹೊಟ್ಟೆ ಸರಿಯಿಲ್ಲ ಕಣೇ."

"ಓಹೋ! ರಾತ್ರಿಯೆಲ್ಲ ಕೆಮ್ತಿದ್ದದ್ದು ನಿನ್ನ ಹೊಟ್ಟೇನಾ?"

ಅಷ್ಟರಲ್ಲಿ ಬೆಸ್ತರ ಲಿಗೋರಿಸ್ ತೀರಿಕೊಂಡ. ಸ್ತಾವ್ರಿಯಾನಿ ಬಟ್ಟಲು ತುಂಬ ಕುಡಿದೇ ಹೊರಟಳು. ಶುರುವಿನ ಪದಗಳು ಸಲೀಸಾಗಿ ಬಂದವು. ಲೋಳೆ ಇಳಿದದ್ದೇ ತಡ, ಮೇಣದಬತ್ತಿಯ ಹೊಗೆಗೆ ಗಂಟಲು ಮತ್ತೆ ಹಿಡಿಯಿತು. ಹೆಣದ ಮುಂದೆ ಹಾಡುವವಳು ಏನನ್ನೂ ಕುಡಿಯುವಂತಿಲ್ಲ. ದಣಿದರೆ ಪಕ್ಕದವಳ ಕೈ ಮುಟ್ಟಿ ಹಾಡನ್ನು ದಾಟಿಸಬೇಕು. ಪಕ್ಕದಲ್ಲಿ ಕನೇಲಳೇ ಇದ್ದಳು. ಆದರೆ ಮುಟ್ಟಿದಳೇ ಈ ಹಟಮಾರಿ? ಒಮ್ಮೆ ದಾಟಿಸಿದರೆ ತನ್ನ ಜಾಗವೂ ದಾಟಿಹೋಗುತ್ತದೆಂದು ಹೆದರಿ, ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದಳು. ದನಿ ಕೀರಲಾಗಿ, ಬರೀ ಉಸಿರಾಗಿ, ನಿಂತೇಹೋಯಿತು.

ಹಾಡಿಲ್ಲದೆ ಹೆಣ ಬಿದ್ದಿರುವುದೆಂದರೆ ಮನೆತನಕ್ಕೇ ಅವಮಾನ. ಕನೇಲ ಕೈ ಮುಟ್ಟಿಸಿಕೊಳ್ಳದೆಯೇ ಹಾಡೆತ್ತಿಕೊಂಡಳು. ಯಾರೂ ಹಾಗೆ ಮಾಡುವುದಿಲ್ಲ. ಆದರೂ ಒಬ್ಬರೂ ಬೇಡವೆನ್ನಲಿಲ್ಲ, ಸ್ತಾವ್ರಿಯಾನಿಗೆ ಚುಚ್ಚಿದ್ದು ಅದೇ.

ಮುಂದಿನ ಸಾವಿಗೆ ಜನ ತಟ್ಟಿದ್ದು ಕನೇಲಳ ಬಾಗಿಲು. ಹೊರಡುವ ಮುನ್ನ ಅವಳು ಇವಳ ಹೊಸ್ತಿಲಿಗೆ ಬಂದಳು.

"ದನಿ ನಂದು, ಪದ ನಿಂದು. ಪಕ್ಕ ಕೂತು ಹೇಳ್ಕೊಡು ಬಾರೇ. ನಂಗೆ ಕಟ್ಟೋಕೆ ಬರಲ್ಲ."

"ಕಿತ್ಕೊಳೋಕೆ ಬರುತ್ತೆ, ಕಟ್ಟೋಕೆ ಬರಲ್ವಾ? ನಡಿಯೇ ಆಚೆ!"

"ನಿನ್ನ ಕೊಬ್ಬು ನಿನ್ನ ಹತ್ರಾನೇ ಇಟ್ಕೋ" ಎಂದು ಕನೇಲ ಹೋದವಳು ಮತ್ತೆ ಬರಲಿಲ್ಲ.

ಈಸ್ಟರ್ ಹಬ್ಬ ಕಳೆಯುವ ಹೊತ್ತಿಗೆ ಕುಡಿದ ಮೊಲೋಖಾ ಕೆಲಸ ಮಾಡಿತ್ತು. ಉರಿಯಿಲ್ಲ, ಕೆಮ್ಮಿಲ್ಲ. ಒಂದು ಮಧ್ಯಾಹ್ನ ಸ್ತಾವ್ರಿಯಾನಿ ಕದವಿಕ್ಕಿ ದನಿ ತೆಗೆದು ನೋಡಿದಳು. ಅಬ್ಬಾ, ಹರೆಯದ ದನಿ! ಯಾರಿಗೆಂದು ಹಾಡುವುದು? ತನ್ನ ಸಾವಿನ ಹಾಡನ್ನು ತಾನೇ ಹಾಡಿಕೊಂಡಳು. ತನ್ನ ಹೆಸರು ಹೇಳಿದಳು, ಅಪ್ಪನ ಹೆಸರು ಹೇಳಿದಳು, ಆಲಿವ್ ಕಾಯಿ ಬಿಡಿಸಿದ ತನ್ನ ಕೈಗಳನ್ನು ಹೊಗಳಿದಳು. ಪದಕ್ಕೆ ಪದ ತಾನಾಗಿ ಕೂಡಿಬಂತು. ಇನ್ನು, ಸತ್ತವಳಿಗಾಗಿ ಅಳಲು ಉಳಿದವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯಬೇಕು. ಹಾಡಿನ ಕ್ರಮವೇ ಹಾಗೆ.

ಅವಳು ಉಸಿರೆಳೆದು ಬಾಯಿ ತೆರೆದಳು. ಗಂಟಲು ನಿಚ್ಚಳವಾಗಿತ್ತು. ಕರೆಯಲು ಒಂದು ಹೆಸರೂ ಸಿಗದೆ, ಊರಿನ ಹೆಣಗಳಿಗೆಲ್ಲ ಅತ್ತವಳು ಮೊದಲ ಸಲ ತನಗಾಗಿ ಅತ್ತಳು.