ಕಣ್ಣಿಗೆ ಹಚ್ಚದ ಹಳದಿ

ಮೊನ್ನೆ ಮೇಕಪ್ ಪೆಟ್ಟಿಗೆ ಖಾಲಿ ಮಾಡುವಾಗ ತಳದಲ್ಲಿ ಹಳದಿ ಬಣ್ಣದ ಹಳೆಯ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತಿರುಗಿಸಿದ ಕೂಡಲೇ ಮೇಣ, ಎಣ್ಣೆ ಕಲೆತ ಕಮಟು ವಾಸನೆ... ಬಾಜೂ ಮನೆಯ ಕಾಕು ಗದ್ದ ಎತ್ತಿ, ಕಣ್ಣು ಮುಚ್ಚಿ ನನ್ನೆದುರು ಕೂತಂತಾಯಿತು.

ಆಗ ನಾವು ಕಡಲ ದಂಡೆಯ ಸಡಾದ ಗುಡ್ಡದ ಮೇಲೆ ಒಂದೇ ಗೋಡೆಯ ಆಚೆ ಈಚೆ ಇದ್ದೆವು. ವಿಜಾಪುರದ ಕಡೆಯಿಂದ ಬಂದ ಕಾಕು ಬೀಚ್‌ನಲ್ಲಿ ಮಣಿಸರ ಮಾರುತ್ತಿದ್ದಳು. ನಾನು ಸಿನಿಮಾ ಶೂಟಿಂಗ್‌ಗಳಲ್ಲಿ ಗಾಯ, ಸುಟ್ಟ ಕಲೆ ಮಾಡುವುದನ್ನು ಕಲಿತು, ಒಂದು ನರ್ಸಿಂಗ್ ಶಾಲೆಗೆ ಹೋಗತೊಡಗಿದ್ದೆ. ಗಟ್ಟಿಮುಟ್ಟಾದವರಿಗೆ ಬಣ್ಣ ಹಚ್ಚಿ ರೋಗಿಗಳನ್ನಾಗಿ ಮಾಡುವುದು ನನ್ನ ಕೆಲಸ. ಅವರನ್ನು ಪರೀಕ್ಷಿಸಿ ರೋಗ ಗುರುತಿಸುವುದು ವಿದ್ಯಾರ್ಥಿಗಳ ಪಾಠ. ಮಳೆಗಾಲದಲ್ಲಿ ಬೀಚ್ ಖಾಲಿ ಇರುತ್ತದಲ್ಲ, ಕಾಕುವನ್ನು ಕರೆದೊಯ್ದೆ.

ಸ್ಪಂಜಿನಿಂದ ಡೆಂಗಿಯ ಕೆಂಪು ಚುಕ್ಕೆ ಒತ್ತಿ, ಹಣೆಗೆ ಗ್ಲಿಸರಿನ್ ನೀರು ಸಿಂಪಡಿಸಿದರೆ ಸಾಕು, ಉಳಿದದ್ದನ್ನು ಅವಳೇ ಮಾಡುತ್ತಿದ್ದಳು. ಅವಳು ನರಳುವುದನ್ನು ಕೇಳಿ ಹುಡುಗಿಯರು ನಿಜವಾಗಿಯೂ ಗಾಬರಿಯಾಗುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ಬರುವಾಗ ಹೇಳಿದಳು: “ಬೀಚಿನ್ಯಾಗ ನನ್ನ ಮಾರಿ ಯಾರೂ ನೋಡಂಗಿಲ್ಲವಾ, ಸರಾ ಅಷ್ಟ ನೋಡ್ತಾರ. ಇಲ್ಲಿ ಹತ್ತು ಮಂದಿ ಕೈ ಹಿಡದು, ಎಲ್ಲಿ ನೋವೈತಿ ಅಂತ ಕೇಳ್ತಾರ.”

ಆಮೇಲೆ ಕಾಮಾಲೆಯ ಪಾಠ ಬಂತು. ಮುಖ, ಕುತ್ತಿಗೆ, ಅಂಗೈಗೆಲ್ಲ ತೆಳುವಾಗಿ ಹಳದಿ ಸವರಿದೆ. ಕೆಲವು ದಿನಗಳ ನಂತರ ಮೈಯೆಲ್ಲ ತುರಿಸುತ್ತದೆ ಎಂದಳು. ಬಣ್ಣ ಒಗ್ಗಿಲ್ಲವೆಂದು ತಿಳಿದು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲು ಹೇಳಿದೆ. ಬೇರೆ ಕಂಪನಿಯ ಡಬ್ಬಿಯನ್ನೂ ತಂದೆ. ಊಟ ಸೇರುತ್ತಿಲ್ಲ ಎಂದೂ ಹೇಳಿದ್ದಳು... ನಾನು ಅತ್ತ ಕಿವಿಗೊಡಲಿಲ್ಲ.

ಎರಡನೆಯ ಸಲ ಅದೇ ಪಾಠ ನಡೆದಾಗ, ಹುಬ್ಬಳ್ಳಿ ಕಡೆಯ ಒಬ್ಬ ವಿದ್ಯಾರ್ಥಿನಿ ಕಾಕುವಿನ ಕಣ್ಣಿನ ರೆಪ್ಪೆ ಎತ್ತಿ ನೋಡಿ, ನನ್ನತ್ತ ತಿರುಗಿದಳು. “ಅಕ್ಕಾ, ಕಣ್ಣಾಗೂ ಹಳದಿ ಮಾಡೀರಲ್ಲ, ಹ್ಯಾಂಗ ಮಾಡಿದ್ರಿ?”

ಕಣ್ಣಿನ ಬಿಳಿಗೆ ಬಣ್ಣ ಹಚ್ಚುವಂತಿಲ್ಲ. ಈ ಕಸುಬಿನಲ್ಲಿ ಮೊದಲು ಕಲಿಸುವುದೇ ಅದನ್ನು. ಆದರೆ ಹತ್ತು ಜನ ಮೆಚ್ಚಿ ನೋಡುತ್ತಿದ್ದರು. ಟ್ಯೂಬ್‌ಲೈಟಿನ ಬೆಳಕಿಗೆ ಹಾಗೆ ಕಾಣುತ್ತಿರಬೇಕು ಎಂದುಕೊಂಡೆ. “ಅದ ನೋಡವಾ ನಮ್ಮ ಕೆಲಸ,” ಎಂದು ನಕ್ಕೆ.

ಆ ಪಾಠದ ನಂತರ ಇಪ್ಪತ್ತು ದಿನ ಶಾಲೆಗೆ ರಜೆ ಇತ್ತು. ರಜೆ ಮುಗಿಯುತ್ತ ಬಂದಾಗ ಒಂದು ಬೆಳಗ್ಗೆ ಬಿಸಿಲು ಬಿದ್ದಿತ್ತು. ನಳದ ಹತ್ತಿರ ಕಾಕು ಬಟ್ಟೆ ಸಾಬೂನಿನಿಂದ ಕುತ್ತಿಗೆ ತಿಕ್ಕಿಕೊಳ್ಳುತ್ತಿದ್ದಳು. ಚರ್ಮ ಕೆಂಪಾಗುವಷ್ಟು.

“ನಿನ್ನ ಬಣ್ಣ ಇನ್ನೂ ಬಿಡವಲ್ದು ನೋಡವಾ,” ಎಂದಳು.

ನನ್ನ ಕೈಯಲ್ಲಿದ್ದ ಕೊಡ ಅಲ್ಲೇ ಇಟ್ಟೆ. ಅಂದೇ ಆಸ್ಪತ್ರೆಗೆ ಕರೆದೊಯ್ದೆ. ಹಳದಿ ಯಾವಾಗಿನಿಂದ ಎಂದು ಡಾಕ್ಟರು ಕೇಳಿದಾಗ ಅವಳು ನನ್ನತ್ತ ಕೈ ಮಾಡಿ, “ಈಕಿ ಬಣ್ಣ ಹಚ್ಚಿದಾಗಿಂದ್ರಿ,” ಎಂದಳು. ಅವರಿಗೆ ಅರ್ಥವಾಗಲಿಲ್ಲ. ನಾನೇ ಬಿಡಿಸಿ ಹೇಳಬೇಕಾಯಿತು. ಪಿತ್ತನಾಳದಲ್ಲಿ ಗಡ್ಡೆ ಬೆಳೆದು ಯಕೃತ್ತಿಗೂ ಹಬ್ಬಿತ್ತು. ಆಪರೇಷನ್ ಮಾಡುವ ಹೊತ್ತು ಮೀರಿದೆ ಎಂದರು.

ದೀಪಾವಳಿಗೆ ಮೊದಲೇ ಹೋಗಿಬಿಟ್ಟಳು. ಕೊನೆಯ ದಿನಗಳಲ್ಲಿ ಮಲಗಿದಲ್ಲಿಂದಲೇ ನನ್ನನ್ನು ಸಮಾಧಾನ ಮಾಡುತ್ತಿದ್ದಳು. “ನಿಂದೇನ ತಪ್ಪೈತಿ? ಯಾರ ಕಣ್ಣಿಗೂ ಬೀಳಲಿಲ್ಲ ಅದು.” ಒಬ್ಬಳ ಕಣ್ಣಿಗೆ ಬಿದ್ದಿತ್ತು ಕಾಕು ಎಂದು ಹೇಳಲು ಎಷ್ಟೋ ಸಲ ಬಾಯಿ ತೆರೆದೆ... ಹೇಳಲಿಲ್ಲ. ಅವಳ ತುಟಿಗೆ ನೀರು ಸವರಿದೆ.

ಆ ಹುಡುಗಿ ಈಗ ಮಡಗಾಂವಿನಲ್ಲಿ ನರ್ಸ್. ನಿನ್ನೆ ಅವಳನ್ನು ಹುಡುಕಿಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ದಿದ್ದರೆ ಒಳ್ಳೆಯದಿತ್ತು.

“ನಾ ಇನ್ನೊಮ್ಮೆ ಕೇಳಬೇಕಿತ್ರಿ ಅಕ್ಕಾ,” ಎಂದಳು.

ಕೇಳಿದ್ದಳಲ್ಲ. ಸರಿಯಾಗಿಯೇ ಕೇಳಿದ್ದಳು. ಉತ್ತರ ಕೊಡಬೇಕಾಗಿದ್ದವಳು ನಾನು. ಅದನ್ನು ಅವಳಿಗೆ ಹೇಳಿ ಎದ್ದು ಬಂದೆ. ಯಾರಿಗೆ ಹೇಳಲೇಬೇಕಾಗಿತ್ತೋ ಆ ಕಾಕು ಮಾತ್ರ ಈಗ ಇಲ್ಲ.